ವಾಲ್ಟರಣ್ಣನಿಗೆ ಶಾಲು ಹೊದಿಸುವ ವಿಚಾರ

ಯಾವಾಗ ಏಳಬೇಕು ಎಂಬುದು ನನಗೆ ಈ ವಯಸ್ಸಿನಲ್ಲೂ ತಿಳಿಯದು. ಕೂರುವುದು ಸುಲಭ, ಏಳುವುದೇ ವಿದ್ಯೆ. ಯಾರ ಮನೆಗಾದರೂ ಹೋದರೆ "ಹಾಗಾದ್ರೆ ನಾವಿನ್ನು ಬರ್ತೀವಿ" ಎಂದ ಮೇಲೆ ಬಾಗಿಲಲ್ಲಿ ಮುಕ್ಕಾಲು ಗಂಟೆ, ಲಿಫ್ಟಿನ ಎದುರು ಕಾಲು ಗಂಟೆ, ಕೆಳಗೆ ಕಾರಿನ ಗಾಜು ಇಳಿಸಿಕೊಂಡು ಇನ್ನಷ್ಟು ಹೊತ್ತು ಮಾತಾಡುವ ಪೈಕಿ ನಾನು. ಪಂಕ್ತಿಯ ಊಟದಲ್ಲಾದರೆ ತೊಂದರೆಯಿಲ್ಲ. ಹಿರಿಯರೊಬ್ಬರು ಎದ್ದರೆ ಸಾಲೆಲ್ಲ ಎದ್ದ ಹಾಗೆ. ವೇದಿಕೆ ಹತ್ತಿದವನ ಕಥೆ ಬೇರೆ. ಅಲ್ಲಿ ಮೊದಲು ಏಳಬೇಕಾದ ಹಿರಿಯ ತಾನೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಇಂಥದೊಂದು ಯೋಚನೆ ತಲೆಗೆ ಹೊಕ್ಕಿದ್ದು ಒಂದು ಶನಿವಾರ ಬೆಳಿಗ್ಗೆ, ಬಹ್ರೇನಿನ ಗುಫೂಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಉಪ್ಪಿಟ್ಟು ತಿನ್ನುತ್ತ ಪೇಪರ್ ಓದುವಾಗ. ವಿದೇಶದ ಹಳೆಯ ರಾಕ್ ಬ್ಯಾಂಡೊಂದು ಬಹ್ರೇನಿಗೆ ಬರುವುದಿತ್ತು. ಚಿತ್ರದಲ್ಲಿದ್ದ ನಾಲ್ವರಿಗೂ ಎಪ್ಪತ್ತರ ಆಸುಪಾಸು. ಚರ್ಮದ ಪ್ಯಾಂಟು, ಕಿವಿಗೆ ಓಲೆ, ಮುಖವೆಲ್ಲ ಒಣದ್ರಾಕ್ಷಿ. ಗಾಯಕನಿಗೆ ಮೊಣಕಾಲು ಬದಲಿಸಿದ್ದಾರೆಂದೂ, ವೇದಿಕೆಯ ಮೇಲೆ ಹಾರಕೂಡದೆಂದು ಡಾಕ್ಟರು ಹೇಳಿದ್ದಾರೆಂದೂ, ಆದರೂ ಹಾರುವುದಾಗಿ ಅವನು ತಿಳಿಸಿದ್ದಾನೆಂದೂ ಬರೆದಿತ್ತು. ಕಾಲೇಜಿಗೆ ಹೋಗುವ ಮಗಳು ಇಣುಕಿ ನೋಡಿ, "ಸೋ ಸ್ಯಾಡ್ ಅಪ್ಪಾ, ದೇ ಶುಡ್ ಜಸ್ಟ್ ರಿಟೈರ್" ಎಂದು ತೀರ್ಪು ಕೊಟ್ಟಳು. ನನ್ನ ಹೆಂಡತಿ ಸುಮಿತ್ರಾ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಹಾಡುವವರು ಹಾಡಿಕೊಂಡಿರಲಿ, ನಿಲ್ಲಿಸಿದರೆ ಆ ನಾಲ್ಕೂ ಗಂಡಸರು ಮನೆಯಲ್ಲಿ ಕೂತು ಫ್ರಿಜ್ಜಿನೊಳಗೆ ಕೊತ್ತಂಬರಿ ಸೊಪ್ಪು ಯಾಕೆ ಬಾಡಿದೆ ಎಂದು ವಿಚಾರಣೆ ಶುರು ಮಾಡುತ್ತಾರೆ, ಆಗ ಅವರ ಹೆಂಡಿರ ಗತಿಯೇನು ಎಂಬುದು ಅವಳ ವಾದ. ಇದನ್ನು ಹೇಳುವಾಗ ಅವಳು ಪೇಪರಿನ ಚಿತ್ರ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ನೋಡಲು ಕಾರಣವಿತ್ತು. ಡಿಪ್ಲೊಮ್ಯಾಟಿಕ್ ಏರಿಯಾದ ವಿಮಾ ಕಚೇರಿಯೊಂದರಲ್ಲಿ, ಯಾರ ಕಾರಿನ ಬಂಪರ್ ಎಷ್ಟು ಜಜ್ಜಿದೆ ಎಂದು ವಾರವಿಡೀ ಬರೆಯುವ ನಾನು, ಇಲ್ಲಿನ ವಾರದ ರಜೆಯಾದ ಶುಕ್ರವಾರ ಮಾತ್ರ ರಾಕ್ ಬ್ಯಾಂಡಿನ ಸದಸ್ಯ. ನಮ್ಮ ಬ್ಯಾಂಡಿನ ಹೆಸರು 'ಯಂಗ್ ವೇವ್ಸ್'. ಡ್ರಮ್ಮಿನ ಮೇಲೆ ಅಂಟಿಸಿದ್ದ 'ಯಂಗ್' ಎಂಬುದು ಒಂದು ಬೇಸಿಗೆಯಲ್ಲಿ ಅಂಟು ಬಿಟ್ಟು ತಾನೇ ಉದುರಿತು. ನಾವೂ ಮತ್ತೆ ಅಂಟಿಸುವ ಧೈರ್ಯ ಮಾಡಲಿಲ್ಲ. ಹಾಡುವುದು ಮತ್ತು ಗಿಟಾರ್ ವಾಲ್ಟರಣ್ಣ, ಮಂಗಳೂರು ಕಡೆಯವರು, ಹೋಟೆಲೊಂದರಲ್ಲಿ ಲಾಂಡ್ರಿ ಮ್ಯಾನೇಜರು. ಈ ದ್ವೀಪದಲ್ಲಿ ಅವರಷ್ಟು ಗರಿಗರಿ ಅಂಗಿ ತೊಡುವವರು ಇನ್ನೊಬ್ಬರಿಲ್ಲ. ಕೀಬೋರ್ಡ್ ಐರಿನ್, ಆಸ್ಪತ್ರೆಯಲ್ಲಿ ನರ್ಸ್. ಡ್ರಮ್ಸ್ ಹಮೀದ್, ಹೂರಾದಲ್ಲಿ ಅವನದೊಂದು ಕೋಲ್ಡ್ ಸ್ಟೋರ್, ಅಂದರೆ ಹಾಲು, ಬ್ರೆಡ್ಡು, ಸಾಬೂನು ಮಾರುವ ಮೂಲೆ ಅಂಗಡಿ. ಅವನಲ್ಲಿ ವ್ಯಾನ್ ಇರುವುದರಿಂದ ಸ್ಪೀಕರು, ವೈರು, ಎಲ್ಲರ ಸದ್ದನ್ನು ಒಟ್ಟುಗೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರು ಎಲ್ಲದರ ಸಾಗಾಟ, ಜೋಡಣೆ ಅವನದೇ. ಮದುವೆ, ಕ್ರಿಸ್ಮಸ್, ಇಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವ ಎಂದು ನಾವೂ ಟೂರ್ ಹೋಗುತ್ತೇವೆ. ಹೂರಾ ಆಯಿತು, ಮುಹರ್ರಕ್ ಆಯಿತು, ರಿಫಾ ಆಯಿತು. ಎಷ್ಟೇ ದೂರದ ಟೂರ್ ಎಂದರೂ ಮನೆಯಿಂದ ಕಟ್ಟಿಕೊಂಡು ಹೋದ ಮೊಸರನ್ನ ಹುಳಿಯಾಗುವಷ್ಟು ದೂರವಲ್ಲ.

ಹಾಡಿನ ಅಡಿಯಲ್ಲಿ ತಗ್ಗು ಸ್ವರದಲ್ಲಿ ತಾಳ ಹಿಡಿಯುವ ಬೇಸ್ ಗಿಟಾರ್ ನನ್ನದು. ದಾವಣಗೆರೆಯವನಿಗೆ ಬೇಸ್ ಗಿಟಾರ್ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ನಾನು ಬಹ್ರೇನಿಗೆ ಬಂದ ಹೊಸತು. ಸುಮಿತ್ರಾಳ ವೀಸಾ ಇನ್ನೂ ಆಗಿರಲಿಲ್ಲ. ಹೂರಾದ ಒಂದು ಕೋಣೆಯಲ್ಲಿ ನಾಲ್ಕು ಜನ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು, ಶುಕ್ರವಾರ ಮಾತ್ರ ಕಳೆಯುತ್ತಿರಲಿಲ್ಲ. ಬಟ್ಟೆ ಒಗೆದು, ಒಣಗಿಸಿ, ಮಡಚಿ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುವಷ್ಟು ಶುಕ್ರವಾರ. ಮೇಲಿನ ಮಹಡಿಯಲ್ಲಿದ್ದ ವಾಲ್ಟರಣ್ಣ ಲಿಫ್ಟಿನಲ್ಲಿ ನನ್ನ ಮುಖ ನೋಡಿ, ಏನಾದರೂ ನುಡಿಸಲು ಬರುತ್ತದೆಯೇ ಎಂದು ವಿಚಾರಿಸಿದರು. ಶಾಲೆಯ ಬ್ಯಾಂಡಿನಲ್ಲಿ ಕಬ್ಬಿಣದ ತ್ರಿಕೋನ ಬಾರಿಸಿದ್ದೆ ಎಂದೆ. ಅವರು ನಗಲಿಲ್ಲ. ಬೇಸ್ ಗಿಟಾರ್ ತಂದು ನನ್ನ ಕೊರಳಿಗೆ ಹಾಕಿ, "ನಾಲ್ಕೇ ತಂತಿ ಉಂಟು, ಹೆದರಬೇಡ" ಎಂದರು. ಆ ವಾರದಿಂದ ನನ್ನ ಶುಕ್ರವಾರಗಳಿಗೆ ಒಂದು ಬಾಗಿಲು ಸಿಕ್ಕಿತು.

ನಮ್ಮ ಅಭ್ಯಾಸ ವಾಲ್ಟರಣ್ಣನ ಫ್ಲ್ಯಾಟಿನಲ್ಲಿ. ಅದರ ಹೊತ್ತೂ ವಿಚಿತ್ರ. ಶುಕ್ರವಾರ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿಕೊಂಡು ವಾಲ್ಟರಣ್ಣ, ಐರಿನ್ ಬರಬೇಕು. ಜುಮ್ಮಾ ನಮಾಜಿಗೆ ಹಮೀದ್ ಹೊರಡಬೇಕು. ಇವೆರಡರ ನಡುವೆ ಸಿಗುವ ಒಂದೂವರೆ ಗಂಟೆಯಲ್ಲಿ ನಮ್ಮ ರಾಕ್ ಸಂಗೀತವೆಲ್ಲ ಆಗಬೇಕು. ದೇವರ ಕಡೆಯಿಂದ ಸಮಯದ ನಿರ್ಬಂಧ ಇಲ್ಲದವನು ನಾನೊಬ್ಬನೇ ಆದ್ದರಿಂದ ಮೊದಲು ಬಂದು ಏಸಿ ಹಾಕುವುದು, ಇಡ್ಲಿಯ ಡಬ್ಬ ಬಿಚ್ಚುವುದು, ವಾಲ್ಟರಣ್ಣನ ಗಿಟಾರಿನ ಶ್ರುತಿ ಮಾಡಿಡುವುದು ನನ್ನ ಪಾಲಿಗೆ ಬಂದಿದ್ದವು. ವಾಲ್ಟರಣ್ಣ ಬೀಗದ ಕೈಯನ್ನೂ ನನಗೇ ಕೊಟ್ಟಿದ್ದರು.

ಈ ಶ್ರುತಿಯಲ್ಲೇ ಇರುವುದು ವಿಷಯ. ಅರುವತ್ತು ಹತ್ತಿರವಾದಂತೆ ವಾಲ್ಟರಣ್ಣನ ಸ್ವರ ಮೇಲಿನ ಮೆಟ್ಟಿಲು ಹತ್ತಲು ಏದುಸಿರು ಬಿಡತೊಡಗಿತು. ಹೇಳುವವರು ಯಾರು? ಐರಿನ್ ಒಂದು ಉಪಾಯ ಮಾಡಿದಳು. ಕೀಬೋರ್ಡಿನಲ್ಲೊಂದು ಗುಂಡಿ ಇದೆ. ಒತ್ತಿದರೆ ಬೆರಳು ಇದ್ದಲ್ಲೇ ಇದ್ದು ಇಡೀ ಹಾಡು ಅರ್ಧ ಮೆಟ್ಟಿಲು ಕೆಳಗಿಳಿಯುತ್ತದೆ. ಅವಳು ಗುಂಡಿ ಒತ್ತುತ್ತಾಳೆ, ನಾನು ವಾಲ್ಟರಣ್ಣ ಬರುವ ಮೊದಲೇ ಅವರ ಗಿಟಾರಿನ ತಂತಿಗಳನ್ನೂ ನನ್ನವನ್ನೂ ಅಷ್ಟೇ ಸಡಿಲಿಸುತ್ತೇನೆ. ಅವರು ಎಂದಿನ ಜಾಗದಲ್ಲೇ ಬೆರಳಿಟ್ಟು ಎಂದಿನಂತೆ ಹಾಡುತ್ತಾರೆ. ವರ್ಷಕ್ಕಿಷ್ಟು ಎಂದು ಇಳಿಸುತ್ತ ಬಂದೆವು. ಐರಿನ್ ರೋಗಿಯ ಜ್ವರದ ಪಟ್ಟಿ ಬರೆಯುವ ಶಿಸ್ತಿನಲ್ಲಿ ಯಾವ ಹಾಡು ಎಷ್ಟು ಇಳಿದಿದೆ ಎಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ವಾಲ್ಟರಣ್ಣ ಮಾತ್ರ ಪ್ರತಿ ಕಾರ್ಯಕ್ರಮದ ಕೊನೆಗೆ ಅಂಗಿಯ ಕಾಲರ್ ಸರಿಮಾಡಿಕೊಂಡು, ಇಪ್ಪತ್ತೈದರಲ್ಲಿ ಹಾಡಿದ ಹಾಗೇ ಇವತ್ತೂ ಹಾಡುತ್ತೇನಲ್ಲ, ಅದೇ ದೇವರ ದಯೆ ಎನ್ನುತ್ತಿದ್ದರು. ನಾವು ಮೂವರೂ ದೇವರ ಮುಖ ನೋಡುವವರಂತೆ ಸೀಲಿಂಗ್ ನೋಡುತ್ತಿದ್ದೆವು.

ಹೀಗಿರುವಾಗ ಸಂಘದ ಹೊಸ ಕಾರ್ಯದರ್ಶಿ ಕಿರಣ್ ನನ್ನ ಕಚೇರಿಯ ಕೆಳಗೆ ಚಹಾಕ್ಕೆ ಕರೆದ. ಬೆಂಗಳೂರಿನ ಹುಡುಗ, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ, ಬಹಳ ವಿನಯ. ಈ ಸಲದ ವಾರ್ಷಿಕೋತ್ಸವಕ್ಕೆ ಡಿಜೆ ಕರೆಸುತ್ತಾರಂತೆ. "ವಾಲ್ಟರ್ ಸರ್‌ಗೆ ನಾವು ಸನ್ಮಾನ ಮಾಡೋಣ ಅಂತ ಸರ್. ಒಂಥರಾ ಗ್ರೇಸ್‌ಫುಲ್ ಎಕ್ಸಿಟ್. ನೀವೇ ಅವ್ರಿಗೆ ಹೇಳ್ಬಿಡಿ" ಎಂದ. ನಮ್ಮವರಲ್ಲಿ ಇದೊಂದು ಪುರಾತನ ಕಲೆ. ಯಾರನ್ನಾದರೂ ನಿಲ್ಲಿಸಬೇಕಾದರೆ ನಾವು ನಿಲ್ಲಿಸು ಎನ್ನುವುದಿಲ್ಲ. ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿ ಕೊಡುತ್ತೇವೆ. ಎರಡು ಕೈಯಲ್ಲೂ ಹಣ್ಣು ಹಿಡಿದವನು ಗಿಟಾರ್ ನುಡಿಸುವುದೆಲ್ಲಿ ಬಂತು? ಐರಿನ್ ಮತ್ತು ಹಮೀದರಿಗೆ ಹೇಳಿದರೆ, ಇಬ್ಬರೂ ಒಂದೇ ಕ್ಷಣಕ್ಕೆ ನನ್ನತ್ತ ಬೆರಳು ತೋರಿಸಿದರು. ಮೂರ್ತಿಯಣ್ಣನ ಮಾತು ಮೆತ್ತಗೆ ಎಂದು ಐರಿನ್. ಬಂಪರ್ ಜಜ್ಜಿದವರಿಗೆ ದುಡ್ಡಿಲ್ಲ ಅಂತ ದಿನಾ ಹೇಳಿ ಅಭ್ಯಾಸ ಉಂಟಲ್ಲ ಎಂದು ಹಮೀದ್.

ಎರಡು ಶುಕ್ರವಾರ ಹೋದವು. ಮೊದಲನೆಯದರಲ್ಲಿ ವಾಲ್ಟರಣ್ಣ ಬಹಳ ಖುಷಿಯಲ್ಲಿದ್ದರು, ಖುಷಿ ಕೆಡಿಸಬಾರದು ಎಂದುಕೊಂಡೆ. ಎರಡನೆಯದರಲ್ಲಿ ಅವರಿಗೆ ಶೀತವಾಗಿತ್ತು, ಶೀತದಲ್ಲಿ ಹೇಳಬಾರದು ಎಂದುಕೊಂಡೆ. ಸುಮಿತ್ರಾ ಇದನ್ನೆಲ್ಲ ನೋಡಿ, ನಿಮ್ಮಿಂದ ಆಗುವುದಿಲ್ಲ, ಬೇಕಾದರೆ ನಾನೇ ಒಂದು ಮಾತು ಹೇಳಿ ಬರುತ್ತೇನೆ ಎಂದಳು. ಆಮೇಲೆ ನಿಲ್ಲಲಾಗಲಿಲ್ಲ. ಗುರುವಾರ ಸಂಜೆ ಕಚೇರಿಯಿಂದ ನೇರ ಅವರ ಫ್ಲ್ಯಾಟಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ವಾಲ್ಟರಣ್ಣ ಕಿಟಕಿಯ ಬಳಿ ಕೂತು, ತೊಡೆಯ ಮೇಲೆ ಗಿಟಾರ್ ಮಲಗಿಸಿಕೊಂಡು, ತಂತಿಯ ತಿರುಪು ತಿರುಗಿಸುತ್ತಿದ್ದರು.

"ಬಾ ಮೂರ್ತಿ, ಕೂತ್ಕೋ. ಹೊಸ ತಂತಿ ಹಾಕಿದ್ದು. ನೀನು ಇಳಿಸುವಷ್ಟೇ ಇಳಿಸಿ ಇಡ್ತೇನೆ, ನಾಳೆ ನಿನಗೆ ಪುನಃ ತಾಪತ್ರಯ ಬೇಡ."

ನಾನು ಸೋಫಾದಲ್ಲಿ ಕೂತೆನೋ ಸೋಫಾ ನನ್ನನ್ನು ಕೂರಿಸಿಕೊಂಡಿತೋ ಗೊತ್ತಿಲ್ಲ. ನಿಮಗೆ ಇದು ಗೊತ್ತಿತ್ತೇ ಎಂದು ಹೇಗೋ ಕೇಳಿದೆ.

"ಸ್ವರ ಹೋದದ್ದು ಮಾರಾಯ, ಕಿವಿ ಹೋಗಲಿಲ್ಲ."

ಮೊದಲ ವರ್ಷದಿಂದಲೇ ಅವರಿಗೆ ಗೊತ್ತಿತ್ತಂತೆ. ಐರಿನ್ ಪಾಪ ಅಷ್ಟು ಶಿಸ್ತಿನಲ್ಲಿ ಪುಸ್ತಕ ಬರೆದಿಡುತ್ತಾಳೆ, ಗೊತ್ತುಂಟು ಎಂದರೆ ಅವಳಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿದ್ದರಂತೆ. ಇಷ್ಟು ಸಲೀಸಾಗಿ ಮಾತು ಸಾಗಿದ್ದು ನೋಡಿ ನನಗೂ ಧೈರ್ಯ ಬಂತು. ಸನ್ಮಾನದ ವಿಷಯ ತೆಗೆದೆ. ಅವರು ಶಾಲಿನ ಬಣ್ಣ ಯಾವುದು ಎಂದು ಕೇಳಿದರು. ಆಮೇಲೆ ಒಂದು ತಂತಿ ಮೀಟಿ ನೋಡಿ, ಸನ್ಮಾನ ಅಂದರೆ ಹಾಡು ಇಲ್ಲ ಅಂತ ಅಲ್ಲವಾ ಎಂದರು. ತಲೆಯಾಡಿಸಿದೆ. ಕಿರಣನ ಮಾತು ಬಿಡು, ನೀನು ಎಂತ ಹೇಳುತ್ತಿ ಎಂದರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬದಲಿಗೆ ಗಂಟಲು ಸರಿಮಾಡಿಕೊಂಡು ಒಂದು ಭಾಷಣವನ್ನೇ ಮಾಡಿದೆ. ಕಲಾವಿದನಾದವನು ಮರ್ಯಾದೆ ಇರುವಾಗಲೇ ನಿಲ್ಲಿಸಬೇಕು, ಕೇಳುವವರ ಕಷ್ಟವನ್ನೂ ನೋಡಬೇಕು, ಸಾಕು ಎಂದು ಜನ ಹೇಳುವ ಮೊದಲೇ ಸಾಕು ಎನ್ನುವುದೇ ದೊಡ್ಡತನ. ಪೇಪರಿನ ಆ ಮೊಣಕಾಲಿನ ಗಾಯಕನನ್ನೂ ಉದಾಹರಣೆಗೆ ಎಳೆದು ತಂದೆ. ವಾಲ್ಟರಣ್ಣ ಪೂರ್ತಿ ಕೇಳಿದರು. ಒಳ್ಳೆಯ ಮಾತು ಎಂದು ಒಪ್ಪಿಕೊಂಡರು.

"ಹಾಗಾದ್ರೆ ಎರಡು ಶಾಲು ತರ್ಲಿಕ್ಕೆ ಹೇಳು. ನಿನ್ನ ಬೇಸ್ ಸಭೆಗೆ ಕೇಳದೆ ಮೂರು ವರ್ಷ ಆಯ್ತು."

ನನ್ನ ಉಂಗುರದ ಬೆರಳಿಗೆ ಮಡಚಿದರೆ ಬಿಡಿಸಿಕೊಳ್ಳದ ಒಂದು ಕಾಯಿಲೆ ಬಂದಿದ್ದು ನಿಜ. ಬಿಸಿನೀರಿನಲ್ಲಿ ಅದ್ದಿದರೆ ಸರಿಹೋಯಿತು ಎಂದು ನಾನು ತಿಳಿದಿದ್ದೆ. ಸರಿಹೋಗಿರಲಿಲ್ಲವಂತೆ. ಹಾಡು ಒಂದು ಕಡೆ ತಲುಪಿದ ಮೇಲೆ ನನ್ನ ತಾಳ ಹಿಂದಿನ ಬಸ್ಸಿನಲ್ಲಿ ಬರುತ್ತಿತ್ತಂತೆ. ನನಗೆ ಹೇಳುವುದು ಹೇಗೆ ಎಂದು ಮೂವರೂ ಕೂತು ಯೋಚಿಸಿ, ಕೊನೆಗೆ ಹಮೀದ್ ವೈರು ಜೋಡಿಸುವಾಗ ನನ್ನದೊಂದನ್ನು ಮಿಕ್ಸರಿಗೆ ಚುಚ್ಚುವುದು ಬಿಟ್ಟನಂತೆ. ನನ್ನ ಕಾಲ ಬಳಿಯ ಪುಟ್ಟ ಸ್ಪೀಕರ್ ಪೆಟ್ಟಿಗೆಯಿಂದ ನನಗೆ ಮಾತ್ರ ಕೇಳುವಷ್ಟು ಸದ್ದು. ಸಭೆಗೆ ಕೇಳುತ್ತಿದ್ದ ಬೇಸ್, ಕೀಬೋರ್ಡಿನ ತಗ್ಗು ಸ್ವರಗಳಲ್ಲಿ ಐರಿನ್‌ಳ ಎಡಗೈ ನುಡಿಸಿದ್ದು. ಅಂದರೆ ನಾನೂ ಐರಿನ್ ಸೇರಿ ವಾಲ್ಟರಣ್ಣನನ್ನು ಕಾಪಾಡುತ್ತಿದ್ದಾಗ, ಅದೇ ಐರಿನ್ ವಾಲ್ಟರಣ್ಣನ ಜತೆ ಸೇರಿ ನನ್ನನ್ನು ಕಾಪಾಡುತ್ತಿದ್ದಳು. ಆ ಮಹಾತಾಯಿಗೆ ಆಸ್ಪತ್ರೆಯಲ್ಲೂ ಇಷ್ಟು ಕೆಲಸ ಇರಲಿಕ್ಕಿಲ್ಲ.

ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನೀನು ಬರುವುದು ನಿಲ್ಲಿಸ್ತಿ. ಮತ್ತೆ ಶುಕ್ರವಾರ ಎಲ್ಲಿಗೆ ಹೋಗ್ತಿ ಮಾರಾಯ?"

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಹೊರಗಿನ ಸೆಕೆಯಿಂದ ಏಸಿಗೆ ಬಂದರೆ ಕನ್ನಡಕಕ್ಕೆ ಮಂಜು ಕೂರುತ್ತದೆ. ಬಂದು ಅರ್ಧ ಗಂಟೆಯಾಗಿದ್ದರೂ ಕೂತಿತ್ತು. ಹೆಂಡತಿಯಿಲ್ಲದ, ಭಾಷೆ ತಿಳಿಯದ ಊರಿನಲ್ಲಿ ತ್ರಿಕೋನ ಬಾರಿಸಿದವನ ಕೊರಳಿಗೆ ಗಿಟಾರ್ ಹಾಕಿದ್ದರಲ್ಲ, ಆವತ್ತೂ ಅವರಿಗೆ ಬೇಕಾಗಿದ್ದದ್ದು ಬೇಸ್ ನುಡಿಸುವವನಲ್ಲ ಎಂದು ಇಷ್ಟು ವರ್ಷಗಳ ಮೇಲೆ ಹೊಳೆಯಿತು. ಥ್ಯಾಂಕ್ಸ್ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, ನಾಳೆ ಇಡ್ಲಿಗೆ ಚಟ್ನಿ ತರಲೋ ಸಾಂಬಾರ್ ತರಲೋ ಎಂಬುದು. ಎರಡೂ ತಾ ಎಂದರು.

ಮರುದಿನ ಕಿರಣನಿಗೆ ಫೋನ್ ಮಾಡಿ, ಸನ್ಮಾನಕ್ಕೆ ವಾಲ್ಟರಣ್ಣನ ಒಪ್ಪಿಗೆ ಇದೆ, ಆದರೆ ಶಾಲು ಹೊದ್ದುಕೊಂಡೇ ಹಾಡುತ್ತಾರಂತೆ, ಬೇಡವೆಂದರೆ ಶಾಲೂ ಬೇಡವಂತೆ ಎಂದೆ. ಹಿಂದೆಂದೂ ನಾನು ಯಾರಿಗೂ ಇಷ್ಟು ಗಟ್ಟಿಯಾಗಿ ಹೇಳಿದವನಲ್ಲ. ಹಾಗಾದರೆ ಎರಡೇ ಹಾಡು ಸರ್ ಎಂದ ಕಿರಣ್.

ವಾರ್ಷಿಕೋತ್ಸವದ ದಿನ ಎರಡು ಹಾಡು ನಾಲ್ಕಾಯಿತು. ವಾಲ್ಟರಣ್ಣ ಪೇಟ ತೆಗೆದು ಐರಿನ್‌ಳ ಕೀಬೋರ್ಡಿನ ಮೇಲಿಟ್ಟು, ಗರಿಗರಿ ಅಂಗಿಯ ಮೇಲೆ ಶಾಲು ಬಿಗಿದುಕೊಂಡು ಹಾಡಿದರು. ತೀರಾ ಮೇಲಿನ ಸ್ವರ ಬಂದಾಗ ಮೈಕನ್ನು ಸಭೆಯ ಕಡೆಗೆ ಹಿಡಿದರು. ಅವರ ಹಾಡು ಕೇಳುತ್ತ ಮದುವೆಯಾಗಿ ಈಗ ಮಕ್ಕಳಿಗೆ ಮದುವೆ ಮಾಡುತ್ತಿರುವ ದಂಪತಿಗಳು ಹಿಂದಿನ ಸಾಲಿನಿಂದ ಆ ಸ್ವರವನ್ನು ತಾವೇ ಎತ್ತಿ ಮುಟ್ಟಿಸಿದರು. ಡಿಜೆ ಮೂಲೆಯಲ್ಲಿ ಕೂತು ಬೋಂಡಾ ತಿನ್ನುತ್ತಿದ್ದ. ಶುರುವಿಗೆ ಮೊದಲು ನಾನು ಮಿಕ್ಸರಿನ ಹಿಂದೆ ಬಗ್ಗಿ ನೋಡಿದ್ದೆ. ನನ್ನ ವೈರು ಅಲ್ಲೇ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಎದ್ದು ಹೋಗಿ ನನ್ನ ಜಾಗದಲ್ಲಿ ನಿಂತು, ಜೀವಮಾನದಲ್ಲೇ ಅಷ್ಟು ನಿಶ್ಚಿಂತೆಯಿಂದ ಎಂದೂ ನುಡಿಸಿರಲಿಲ್ಲ, ಹಾಗೆ ನುಡಿಸಿದೆ. ತಪ್ಪಾದರೂ ನಷ್ಟ ನನ್ನೊಬ್ಬನಿಗೇ.

ಕಾರ್ಯಕ್ರಮ ಮುಗಿದ ಮೇಲೆ ಕಿರಣ್ ಹುಡುಕಿಕೊಂಡು ಬಂದು ನನ್ನ ಕೈ ಕುಲುಕಿದ. ವಾಲ್ಟರ್ ಸರ್ ಪರವಾಗಿಲ್ಲ, ಆದರೆ ಬೇಸ್ ಮಾತ್ರ ಏನು ಹಿಡಿತ, ಏನು ತಾಳ, ನೀವು ಇನ್ನೂ ಹತ್ತು ವರ್ಷ ನುಡಿಸಬೇಕು ಸರ್ ಎಂದ. ನಾಲ್ಕು ಹೆಜ್ಜೆ ಆಚೆ ಐರಿನ್ ಕೀಬೋರ್ಡಿಗೆ ಹೊದಿಕೆ ಹಾಕುತ್ತಿದ್ದಳು. ಈ ಮಾತು ನ್ಯಾಯವಾಗಿ ಸೇರಬೇಕಾದದ್ದು ಅವಳ ಎಡಗೈಗೆ. ನಾನು ತಲೆ ಬಾಗಿಸಿ, ಎಲ್ಲ ದೇವರ ದಯೆ ಎಂದೆ. ಅವಳಿಗೆ ಮುಟ್ಟಿಸಬೇಕು ಎಂದು ಮನಸ್ಸಿನಲ್ಲಿ ಇದ್ದೇ ಇದೆ. ಆವತ್ತಿನಿಂದ ಎಷ್ಟೋ ಶುಕ್ರವಾರಗಳಾದವು, ಸರಿಯಾದ ಸಮಯ ಮಾತ್ರ ಇನ್ನೂ ಕೂಡಿಬಂದಿಲ್ಲ.