ಯಂಕವ್ವನ ಬೆರಳು ಗುರುತಿಸದ ಯಂತ್ರ ಮಹಾಶಯರಿಗೆ

ಕಾಪು ಪೇಟೆಯ ಶ್ರಮಿಕ ಸ್ನೇಹಿ ಕೇಂದ್ರದ ಮೇಜಿನ ಮೇಲೆ ಬಿಜಯಂಗೈದಿರುವ, ವಿದೇಶೀ ನೆರವಿನ ಬೆರಳಚ್ಚು ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ನಾವು ಕ್ಷೇಮ, ತಾವು ಅಲ್ಲಿ ಫ್ಯಾನಿನ ಕೆಳಗೆ ಇನ್ನೂ ಹೆಚ್ಚು ಕ್ಷೇಮವೆಂದು ನಂಬಿದ್ದೇನೆ. ಕಡಲಾಚೆಯ ಶ್ರೀಮಂತ ದೇಶವೊಂದು ಬಡ ದೇಶಗಳ ದುಡಿಯುವ ಜನರ ಏಳಿಗೆಗೆಂದು ತಮ್ಮನ್ನು ಥರ್ಮೋಕೋಲಿನ ತೊಟ್ಟಿಲಲ್ಲಿ ಮಲಗಿಸಿ ಕಳುಹಿಸಿಕೊಟ್ಟಿತು. ನಾನೂ ಇಪ್ಪತ್ತೆರಡು ವರ್ಷ ಬಹ್ರೈನಿನಲ್ಲಿ ಪೈಪು ಜೋಡಿಸಿ ಬಂದವನು. ಈ ಕಡೆಯಿಂದ ಕೈಗಳು ವಿಮಾನ ಹತ್ತಿ ಹೋದವು, ಆ ಕಡೆಯಿಂದ ಬೆರಳು ನೋಡುವ ತಾವು ಬಂದಿರಿ; ದೇಶ ದೇಶಗಳ ನಡುವೆ ಕೊಟ್ಟು ತಕ್ಕೊಳ್ಳುವುದು ಅಂದರೆ ಹೀಗಿರಬೇಕು, ಅಲ್ವಾ?

ತಮ್ಮ ಉದ್ಘಾಟನೆಯ ದಿನ ನೆರವು ಸಂಸ್ಥೆಯವರು, ಇನ್ನು ಮುಂದೆ ಕೆಲಸ ಮಾಡದವರ ಕೈಗೆ ಕಾರ್ಮಿಕರ ಕಾರ್ಡು ಹೋಗುವ ಮಾತೇ ಇಲ್ಲ ಎಂದು ಮೈಕಿನಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಹಾಗಾಗಿ ನನ್ನ ಈ ದೂರನ್ನು ಹಗೆಯವನ ಮಾತೆಂದು ತಿಳಿಯಬಾರದು.

ವಿಷಯ ಎಂತ ಅಂದರೆ, ನಮ್ಮ ಹಿತ್ತಲಿನ ಬಾಡಿಗೆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇರುವ, ಬಾದಾಮಿ ಕಡೆಯ ಯಂಕವ್ವ ಕಟ್ಟಡ ಕೆಲಸದವಳು. ಮಣಿಪಾಲದಲ್ಲಿ ಲಿಫ್ಟು ಇರುವ ಫ್ಲಾಟುಗಳನ್ನು ತಾವು ಕಂಡಿದ್ದರೆ, ಅವುಗಳ ಕಲ್ಲು ಸಿಮೆಂಟು ಲಿಫ್ಟು ಬರುವ ಮುಂಚೆ ಮೇಲೆ ಹೋದದ್ದು ಇಂಥವರ ತಲೆಯ ಮೇಲೆ. ಆಕೆಯ ಮಗಳು ಮಹಾಲಕ್ಷ್ಮಿ ಕಾರ್ಕಳದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ತಾಯಿಯ ಕಾರ್ಡು ಜೂನ್ ಮೂವತ್ತರೊಳಗೆ ನವೀಕರಣವಾಗದಿದ್ದರೆ ಓದಿನ ಸಹಾಯಧನ ನಿಂತು, ಹುಡುಗಿ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರಬೇಕು.

ಗಡುವಿಗೆ ಐದು ವಾರ ಇರುವಾಗಲೇ ಆಕೆಯನ್ನು ಕರೆದುಕೊಂಡು ತಮ್ಮ ದರ್ಶನಕ್ಕೆ ಬಂದೆ. ಹತ್ತು ಬೆರಳಿಗೂ ತಾವು ಕೆಂಪು ದೀಪ ದಯಪಾಲಿಸಿದಿರಿ. ಕೇಂದ್ರದ ಹರಿಣಾಕ್ಷಿಯಮ್ಮ ಪಾಪ, ತಮ್ಮ ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ ಸಾಕಾಗಿ, "ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ ಮಾರಾಯ್ರೆ" ಅಂದರು. "ಗೆರಿ ಎಲ್ಲಾ ಮಣಿಪಾಲದ ಗ್ವಾಡಿಗೆ ಹತ್ಯಾವ್ರಿ ಅಕ್ಕಾರ, ಅಲ್ಲೇ ಹೋಗಿ ಹುಡುಕ್ರಿ" ಅಂದಳು ಯಂಕವ್ವ.

ಅದೇ ಹೊತ್ತಿಗೆ ಯಾವುದೋ ಕಾಗದ ಕೊಡಲು ಬಂದಿದ್ದ ಆಕೆಯ ಕಂಟ್ರಾಕ್ಟರ್ ಲಿಡ್ವಿನ್ ತಮಾಷೆಗೆ ಬೆರಳಿಟ್ಟರೆ ತಾವು ಹಸಿರಾದಿರಿ. ಹನ್ನೊಂದು ವರ್ಷದಿಂದ ಪೇಪರು ಮಗುಚುವುದಲ್ಲದೆ ಬೇರೆ ದುಡಿಮೆ ಅರಿಯದ ನನ್ನ ಹೆಬ್ಬೆರಳನ್ನು ಕಂಡು ಇನ್ನೂ ಬೇಗ ಹಸಿರಾಗಿ, 'ಅರ್ಹ ಕಾರ್ಮಿಕ' ಎಂದು ಬರೆದು ತೋರಿಸಿದಿರಿ. ಮನೆಯಲ್ಲಿ ನನ್ನ ಹೆಂಡತಿ ಸೆಲೀನ್, "ಅರ್ಹ ಕಾರ್ಮಿಕರು ಆ ಗ್ಯಾಸ್ ಸಿಲಿಂಡರ್ ಸ್ವಲ್ಪ ಒಳಗೆ ತರಬಹುದಾ?" ಎಂದು ಕೇಳಿದ್ದನ್ನು ತಮ್ಮ ಮೇಲಿನ ಗೌರವದಿಂದ ಸಹಿಸಿಕೊಂಡೆ.

ಇದಕ್ಕೆ ಪರಿಹಾರ ತಮ್ಮ ಜೊತೆ ಬಂದ ಕೈಪಿಡಿಯಲ್ಲೇ ಉಂಟು. ಬೆರಳು ಸವೆದಿದ್ದರೆ ನಾಲ್ಕು ವಾರ ಒರಟು ಕೆಲಸದಿಂದ ದೂರವಿದ್ದು, ದಿನಕ್ಕೆರಡು ಸಲ ಎಣ್ಣೆ ಹಚ್ಚಬೇಕಂತೆ. ದುಡಿಯುವವಳೆಂದು ರುಜುವಾತು ಮಾಡಲು ದುಡಿಮೆ ಬಿಡಬೇಕೆಂಬ ಈ ದೊಡ್ಡ ಯೋಚನೆ ನಮ್ಮಂಥ ಬಡ ದೇಶದವರ ತಲೆಗೆ ಹೊಳೆಯುವಂಥದ್ದಲ್ಲ. ಯಂಕವ್ವ ಶ್ರದ್ಧೆಯಿಂದ ಪಾಲಿಸಿದಳು. ಸೆಲೀನ್ ಕೊಟ್ಟ ತೆಂಗಿನೆಣ್ಣೆ ಹಚ್ಚಿಕೊಂಡು, ಯಾರದ್ದೋ ಸಾಮಾನು ಕಾಯುವವಳ ಹಾಗೆ ಎರಡೂ ಕೈ ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂತಳು. "ಕುಂತು ಕುಂತು ಕೈ ನೋಯಾಕ ಹತ್ಯಾವ್ರಿ ಅಮ್ಮಾರ" ಎಂದು ಸೆಲೀನಳ ಹತ್ತಿರ ಹೇಳಿದಳಂತೆ. ಈ ನಾಲ್ಕು ವಾರ ಆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂದು ಕೈಪಿಡಿಯ ಎಲ್ಲ ಪುಟ ಹುಡುಕಿದೆ. ಆ ಪುಟ ಹಡಗಿನಲ್ಲಿ ಎಲ್ಲೋ ಬಿದ್ದುಹೋಗಿರಬೇಕು.

ಜೂನ್ ಇಪ್ಪತ್ತೊಂಬತ್ತಕ್ಕೆ ತಾವು ಹಸಿರಾದಿರಿ. ಮಹಾಲಕ್ಷ್ಮಿಯ ಓದು ಈ ವರ್ಷಕ್ಕೆ ಉಳಿಯಿತು. ಆ ಉಪಕಾರವನ್ನು ನಾನು ಮರೆಯುವವನಲ್ಲ. ಮರುದಿನ ಯಂಕವ್ವ ಕೆಲಸಕ್ಕೆ ಹೋದರೆ, ಆಕೆಯ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಮುಂದಿನ ವರ್ಷದ ನವೀಕರಣಕ್ಕೆ ತೊಂಬತ್ತು ದಿನ ದುಡಿದ ಪತ್ರವೂ ಬೇಕೆಂದು ಹರಿಣಾಕ್ಷಿಯಮ್ಮ ಮೆಲ್ಲಗೆ ನೆನಪಿಸಿದ್ದಾರೆ.

ಆದುದರಿಂದ ತಮ್ಮಲ್ಲಿ ವಿನಂತಿ: ಗೆರೆ ಇಲ್ಲದ ಬೆರಳನ್ನೇ ದುಡಿಮೆಯ ಸಾಕ್ಷಿಯೆಂದು ಓದಲು ಕಲಿಯಿರಿ. ಅದು ಕಷ್ಟವಾದರೆ, ರಜೆ ಹಾಕಿ ಒಂದು ವಾರ ಮಣಿಪಾಲದಲ್ಲಿ ಕೆಂಪುಕಲ್ಲು ಹೊತ್ತು, ಆಮೇಲೆ ತಮ್ಮ ಗಾಜಿನಲ್ಲಿ ಎಷ್ಟು ಹೊಳಪು ಉಳಿದಿದೆಯೆಂದು ತಾವೇ ನೋಡಿಕೊಳ್ಳಿ. ತಮ್ಮನ್ನು ಕಳುಹಿಸಿದ ಯಜಮಾನರೂ ಜೊತೆಗೆ ಬರುವುದಾದರೆ ಊಟಕ್ಕೆ ನಮ್ಮಲ್ಲಿಗೇ ಬರಲಿ, ಕುಚ್ಚಲಕ್ಕಿ ಗಂಜಿ ಉಂಟು.

ಯಂಕವ್ವ ಈಗ ದಿನಾ ಬೆಳಿಗ್ಗೆ ಬುತ್ತಿ ಹಿಡಿದು, ಕೂಲಿಗೆ ಕರೆಯುವವರನ್ನು ಕಾಯುತ್ತಾ ಸರ್ಕಲಿನಲ್ಲಿ ನಿಲ್ಲುತ್ತಾಳೆ. ತಾವು ಕೊಟ್ಟ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಉಂಟು. ಅದನ್ನು ಯಾರೂ ಕೇಳುವುದಿಲ್ಲ. "ಕೈ ತೋರಿಸು" ಅನ್ನುತ್ತಾರೆ, ಮುಟ್ಟಿ ನೋಡುತ್ತಾರೆ, ಮೆತ್ತಗೆ ಉಂಟು ಎಂದು ಪಕ್ಕದವಳನ್ನು ಕರೆದುಕೊಂಡು ಹೋಗುತ್ತಾರೆ.

ಕೈಮುಗಿದು ಮುಗಿಸುವ, ತಮ್ಮ ಕೃಪೆಯಿಂದ ಅರ್ಹ ಕಾರ್ಮಿಕನಾದ,
ತಮ್ಮ ವಿಶ್ವಾಸಿ
ಬ್ಯಾಪ್ಟಿಸ್ಟ್ ಡಿ'ಅಲ್ಮೇಡಾ
ಪಾಂಗಾಳ

ವಿ.ಸೂ.: ಮುಂದಿನ ವರ್ಷದ ನೆರವಿನಲ್ಲಿ ಮುಖ ನೋಡಿ ಗುರುತು ಹಿಡಿಯುವ ತಮ್ಮ ಸೋದರರು ಬರುತ್ತಾರೆಂದು ಕೇಳಿದೆ, ಬಹಳ ಸಂತೋಷ. ಯಂಕವ್ವ ಎಷ್ಟು ತಿಂಗಳು ಬಿಸಿಲಿಗೆ ಬೀಳದೆ ಒಳಗಿರಬೇಕೆಂದು ಈಗಲೇ ಒಂದು ಸಾಲು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.