ಮೂವರು ಗೆಳೆಯರು ಕೂಡುವತನಕ ಚಹಾ ಇಲ್ಲ

ಅಂಗಡಿ ಇಟ್ಟವನಿಗೆ ಲಾಭ ಆಗುತ್ತದೋ ಇಲ್ಲವೋ, ನಾಲ್ಕು ಜನರಿಗೆ ಹೇಳಿ ನಗಿಸಲು ಏನಾದರೂ ಸಿಕ್ಕೇ ಸಿಗುತ್ತದೆ. ಕಾಗವಾಡದಲ್ಲಿ ನನ್ನದೊಂದು ಅಂಗಡಿ ಇತ್ತು. ಮುಂದೆ ರೇಡಿಯೊ, ಮೊಬೈಲ್ ರಿಪೇರಿ. ಪರದೆಯ ಹಿಂದೆ ಒಂದು ಟಿವಿ, ನಾಲ್ಕು ಕುರ್ಚಿ, ವಿಡಿಯೊ ಗೇಮ್. ಅಲ್ಲಿ ನಡೆದ ಪ್ರಸಂಗಗಳಲ್ಲಿ ಅರ್ಧಕ್ಕರ್ಧ ಒಬ್ಬರೇ ಮಹಾನುಭಾವರು ದಯಪಾಲಿಸಿದ್ದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿ ನಿವೃತ್ತರಾದ ಅವರನ್ನು ಊರೆಲ್ಲ ಕಾಕಾ ಅನ್ನುತ್ತಿತ್ತು, ಅವರ ಹೆಂಡತಿಯನ್ನು ಕಾಕೂ.

ಪಾಪದ ಪಾಲು

ಎರಡು ಸಾವಿರದ ನಾಲ್ಕರ ಸುಮಾರಿಗೆ ಮಿರಜದಿಂದ ಒಂದು ಗೇಮಿನ ಡಿಸ್ಕ್ ತಂದೆ. ಅದರಲ್ಲಿ ಒಬ್ಬ ಹುಡುಗ. ಅವನ ನಡುಗಡ್ಡೆ ಮುಳುಗಿ, ಒಬ್ಬ ಗೆಳೆಯ, ಒಬ್ಬ ಗೆಳತಿ ಎತ್ತಲೋ ಕಳೆದುಹೋಗುತ್ತಾರೆ. ದೋಣಿಯ ಹುಟ್ಟೊಂದನ್ನೇ ಆಯುಧ ಮಾಡಿಕೊಂಡು ಅವನು ಅವರನ್ನು ಹುಡುಕುತ್ತ ಬೇರೆ ಬೇರೆ ಕತೆಗಳ ಒಳಗೇ ಹೊಕ್ಕು ಬರುತ್ತಾನೆ. ಒಂದು ಕತೆಯಲ್ಲಿ ಕಡಲುಗಳ್ಳರು, ಇನ್ನೊಂದರಲ್ಲಿ ಮಾತಾಡುವ ಕರಡಿ, ಮತ್ತೊಂದರಲ್ಲಿ ನಿದ್ದೆ ಹೋದ ರಾಜಕುಮಾರಿ. ದಾರಿಯುದ್ದಕ್ಕೂ ಕಪ್ಪು ನೆರಳುಗಳು ಮೇಲೆ ಬೀಳುತ್ತವೆ, ಅವನ್ನು ಹುಟ್ಟಿನಿಂದ ಬಡಿಯಬೇಕು.

ರೇಡಿಯೊ ರಿಪೇರಿಗೆ ಬಂದ ಕಾಕಾ ಪರದೆ ಸರಿಸಿ ಒಂದು ಗಳಿಗೆ ನೋಡಿದರು, ಕುರ್ಚಿ ಎಳೆದುಕೊಂಡರು. “ಚಲೋ ಐತಿ. ಎಲ್ಲಾ ಊರಿನ ಬೀಗರು ಒಂದ ಮದುವಿಗೆ ಬಂದಂಗ ಐತಿ” ಅಂದರು. ರೇಡಿಯೊ ನನ್ನಲ್ಲೇ ಉಳಿಯಿತು, ಕಾಕಾ ಕೂಡ.

ಮರುದಿನ ತಾವೇ ಆಡುತ್ತೇನೆಂದು ಕಂಟ್ರೋಲರ್ ಹಿಡಿದರು. ಮೊದಲ ನೆರಳು ಎದುರಿಗೆ ಬಂತು. ಕಾಕಾ ಕಂಟ್ರೋಲರ್ ಕೆಳಗಿಟ್ಟರು. ಜೈನರ ಮನೆತನ, ಇರುವೆ ಕಂಡರೂ ಬಳಸಿ ನಡೆಯುವ ಮನುಷ್ಯ. ಇದು ಬರೀ ನೆರಳು ಕಾಕಾ, ಜೀವ ಇಲ್ಲ ಅಂತ ತಿಳಿಸಿ ಹೇಳಿದೆ.

“ಜೀವ ಇಲ್ಲ, ಖರೆ. ಆದ್ರ ಹೊಡೀಬೇಕು ಅನ್ನೂ ಭಾವ ಬರತೈತಲ್ಲೋ ತಮ್ಮಾ. ಹಿಟ್ಟಿನ ಕೋಳಿ ಕಡದವ್ರನ್ನೂ ಪಾಪ ಬಿಟ್ಟಿಲ್ಲ.”

ಕೊನೆಗೆ ಒಪ್ಪಂದವಾಯಿತು. ನಡೆಯುವುದು, ಮಾತಾಡಿಸುವುದು, ಪೆಟ್ಟಿಗೆ ತೆರೆಯುವುದು ಕಾಕಾನ ಪಾಲು. ನೆರಳು ಬಂದರೆ ಕಂಟ್ರೋಲರ್ ನನ್ನ ಕೈಗೆ. ನಾನು ಬಡಿಯುವಾಗ ಅವರು ಗೋಡೆಯ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿ “ಆತೇನು?” ಅನ್ನುತ್ತಿದ್ದರು. ವಾರ ಕಳೆದ ಮೇಲೆ ನನಗೂ ಅನುಮಾನ ಬಂತು, ಹಾಗಾದರೆ ಈ ಪಾಪವೆಲ್ಲ ಯಾರಿಗೆ ಅಂತ ಕೇಳಿದೆ.

“ನಿನಗ” ಅಂದರು ಕಾಕಾ. “ಅದಕ್ಕ ನಾ ದಿನಾ ಬಸದಿಯೊಳಗ ನಿನ್ನ ಹೆಸರಿಲೆ ಕ್ಷಮಾ ಕೇಳ್ತೇನಿ. ನೀ ಹೊಡಿ.”

ನಾಲ್ಕು ದಿನದ ನೇಮ

ಕಾಕಾಗೆ ಚಹಾ ಅಂದರೆ ಪ್ರಾಣ. ದಿನಕ್ಕೆ ಹನ್ನೊಂದು ಸಲ ಬೇಕು. ಪೇಟೆಗೆ ಹೋಗುವ ಮುಂಚೆ ಒಂದು, ಹೋಗಿ ಬಂದ ಮೇಲೆ ಒಂದು, ಹೋಗದಿದ್ದರೆ ಹೋಗಲಿಲ್ಲವಲ್ಲ ಅಂತ ಒಂದು. ಕಾಕೂ ಒಲೆ ಬಿಟ್ಟು ಅಂಗಳಕ್ಕೆ ಬಂದದ್ದನ್ನು ಕಂಡವರು ಕಡಿಮೆ.

ಗೇಮಿನ ನಡುವೆ ಒಂದು ಕಡೆ ಹುಡುಗ ತನ್ನ ಇಬ್ಬರು ಗೆಳೆಯರನ್ನು ದೂರದಿಂದ ಕಾಣುತ್ತಾನೆ, ಓಡಿ ಮುಟ್ಟುವಷ್ಟರಲ್ಲಿ ಅವರು ಮಾಯ. ಕಾಕಾ ಆ ದಿನ ಆಟ ಅಲ್ಲಿಗೇ ಬಿಟ್ಟು ಎದ್ದು ಹೋದರು. ಬೇಡಿದ್ದು ಆಗುವತನಕ ಪ್ರೀತಿಯ ಒಂದು ಪದಾರ್ಥ ಬಿಡುವ ನೇಮ ಅವರ ಮಂದಿಯಲ್ಲಿ ಉಂಟು. ಮರುದಿನ ಬಸದಿಯಿಂದ ನೆಟ್ಟಗೆ ಅಂಗಡಿಗೆ ಬಂದು ಹೇಳಿದರು: “ಆ ಮೂರೂ ಮಂದಿ ಕೂಡೂದನ್ನ ನನ್ನ ಕಣ್ಣಿಲೆ ನೋಡೂತನ ಚಹಾ ಮುಟ್ಟಂಗಿಲ್ಲ.”

ಮಧ್ಯಾಹ್ನ ಕಾಕೂ ಬಂದು ಗೇಮ್ ಇನ್ನೆಷ್ಟು ಉಳಿದಿದೆ ಅಂತ ವಿಚಾರಿಸಿದರು. ಹೆದರಬೇಡಿ ಕಾಕೂ, ನಾಲ್ಕೇ ದಿನದ ಮಾತು ಅಂದೆ.

“ನಾಕ ದಿನಾನ?” ಅಂದ ಕಾಕೂನ ಮುಖ ಬಾಡಿತು. ಗಂಡನ ಮೇಲೆ ಎಂಥ ಮಮತೆ ಅಂದುಕೊಂಡೆ.

ಹೆಸರು ಬಂದವು

ಕರೆಂಟಿನ ಕೃಪೆಯಿಂದ ನಾಲ್ಕು ದಿನ ಹತ್ತಾದವು. ಅಂತೂ ಒಂದು ಮಧ್ಯಾಹ್ನ ಕಟ್ಟಕಡೆಯ ದೊಡ್ಡ ನೆರಳನ್ನು ಬಡಿದು ಕೆಡವಿದೆ. ಕಾಕಾ ಕ್ಯಾಲೆಂಡರ್ ಬಿಟ್ಟು ಇತ್ತ ತಿರುಗಿದರು. ಎದುರಿನ ಹೋಟೆಲಿನಿಂದ ಚಹಾ ತರಿಸಿ ಇಟ್ಟಿದ್ದೆ. ತೆರೆಯ ಮೇಲೆ ಹುಡುಗ ಒಬ್ಬನೇ ದಂಡೆಯಲ್ಲಿ ನಿಂತ. ಸಂಗೀತ ಬಂತು. ಕೆಳಗಿನಿಂದ ಮೇಲಕ್ಕೆ ಬಿಳಿ ಅಕ್ಷರದ ಹೆಸರುಗಳು ಏರತೊಡಗಿದವು.

ನಮ್ಮ ಟಾಕೀಜುಗಳಲ್ಲಿ ಹೆಸರು ಬಂದವೆಂದರೆ ಜನ ಚಪ್ಪಲಿ ಹುಡುಕುತ್ತಾರೆ. ನಾನೂ ಅದೇ ರೂಢಿಯವನು, ರಿಮೋಟ್ ಒತ್ತಿ ಬಂದ್ ಮಾಡಿದೆ.

“ಕೂಡಲಿಲ್ಲಲ್ಲೋ” ಅಂದರು ಕಾಕಾ. ತರಿಸಿದ ಚಹಾ ನಾನೇ ಕುಡಿದೆ, ಬಿಸಿ ಆರಬಾರದಲ್ಲ.

ಮುಂದಿನ ವಾರ ಕಾಕಾ ಸ್ತವನಿಧಿ ಯಾತ್ರೆಗೆ ಹೋದ ದಿನ ಕಾಕೂ ಒಬ್ಬರೇ ಬಂದರು. ಮನುಷ್ಯ ಚಹಾ ಬಿಡುವಂಥದ್ದು ಇದರಲ್ಲಿ ಏನಿದೆ ನೋಡೋಣ, ಹಚ್ಚು ಅಂದರು. ಕೊನೆಯ ಕಾಳಗ ಆಡಿ ತೋರಿಸಿದೆ. ಹೆಸರು ಏರತೊಡಗಿದಾಗಲೇ ಮುಂದೆ ಗಿರಾಕಿ ಕೂಗಿದ, ಹೋದೆ. ತಿರುಗಿ ಬರುವಷ್ಟರಲ್ಲಿ ಟಿವಿ ಬಂದ್ ಆಗಿತ್ತು, ಕಾಕೂ ಸೆರಗು ಸರಿಮಾಡಿಕೊಂಡು ಎದ್ದಿದ್ದರು.

“ತಮ್ಮಾ, ಹೆಸರು ಬಂದಕೂಡ್ಲೆ ಬಂದ್ ಮಾಡಿಬಿಡು. ಸಣ್ಣ ಅಕ್ಷರ ನೋಡಿದ್ರ ಅವ್ರಿಗೆ ತಲಿ ನೋಯತೈತಿ” ಅಂದರು. ಮರುದಿನ ನನಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು. ಪಾಪ, ದುಃಖದಲ್ಲೂ ಎಂಥ ಔದಾರ್ಯ.

ಉಗಾರದ ಅಣ್ಣತಮ್ಮಂದಿರು

ಮದುವೆ, ಮುಂಜಿ, ಮಾತಾಡಿಸಲು ಹೋದ ಮನೆ, ಎಲ್ಲೆಲ್ಲೂ ಕಾಕಾ ಚಹಾದ ಕಪ್ಪು ಪಕ್ಕಕ್ಕೆ ಸರಿಸಿ “ಮೂರೂ ಮಂದಿ ಕೂಡೂತನ ಇಲ್ರಿ” ಅನ್ನುತ್ತಿದ್ದರು. ಗೇಮಿನ ವಿಷಯ ಹೇಳಲು ಅವರಿಗೆ ನಾಚಿಕೆ. ಹೀಗಾಗಿ ಸುದ್ದಿ ತನ್ನಷ್ಟಕ್ಕೆ ತಾನೇ ಬೆಳೆಯಿತು.

ಉಗಾರ ಬುದ್ರುಕದಲ್ಲಿ ಕಾಕಾನ ದೂರದ ಸಂಬಂಧಿಕರು ಮೂವರು ಅಣ್ಣತಮ್ಮಂದಿರು. ಕಬ್ಬಿನ ಹೊಲದ ಬದುವಿಗಾಗಿ ಜಗಳಾಡಿ ಆರು ವರ್ಷದಿಂದ ಮಾತು ಬಿಟ್ಟಿದ್ದರು. ತಮ್ಮ ಸಲುವಾಗಿ ಹಿರಿಯರೊಬ್ಬರು ಚಹಾ ಬಿಟ್ಟಿದ್ದಾರೆಂಬ ಸುದ್ದಿ ಅವರ ಕಿವಿಗೆ ಬಿತ್ತು. ಒಂದು ದಿನ ಮೂವರೂ ಒಂದೇ ಜೀಪಿನಲ್ಲಿ ಕಾಕಾನ ಮನೆಗೆ ಬಂದು ಅವರ ಕಾಲಿಗೆ ಬಿದ್ದರು. ನಾನೂ ಅಲ್ಲೇ ಇದ್ದೆ. ಹಿರಿಯವನು ಕಣ್ಣೊರೆಸಿಕೊಂಡು, ನಾವು ಒಂದಾದೆವು, ಇನ್ನು ಚಹಾ ತೆಗೆದುಕೊಳ್ಳಿ ಅಂತ ಬೇಡಿಕೊಂಡ.

ಬಾಗಿಲ ಹಿಂದೆ ಕಾಕೂ ಉಸಿರು ಬಿಗಿಹಿಡಿದು ನಿಂತಿದ್ದರು. ಕಾಕಾ ಮೂವರ ತಲೆ ಸವರಿದರು.

“ಭಾಳ ಚಲೋ ಆತು, ಹಿಂಗ ಇರ್ರಿ. ಆದ್ರ ನೀವಲ್ಲೋ, ಅವರು ಬ್ಯಾರೆ.”

ಹಳೆ ಸೀರೆ, ಹೊಸ ಅಂಚು

ಎರಡು ವರ್ಷದ ನಂತರ ಅದೇ ಗೇಮ್ ‘ಸಂಪೂರ್ಣ’ ಅನ್ನುವ ಹೆಸರಿನಲ್ಲಿ ಮತ್ತೆ ಬಂದಿದೆಯೆಂದು ಮಿರಜದ ಅಂಗಡಿಯವನು ತಿಳಿಸಿದ. ಸಂಪೂರ್ಣ ಅಂದರೆ ಕೂಡಿರಲೇಬೇಕು ಅಂತ ಕಾಕಾ ಬಸ್ಸಿನ ಖರ್ಚು ಕೊಟ್ಟು ಕಳಿಸಿದರು. ತಂದು ಹಾಕಿದರೆ ಅಕ್ಷರವೆಲ್ಲ ಜಪಾನಿ. ಕರಡಿ ಏನು ಹೇಳಿತು ಅಂತ ಕಾಕಾ ಕೇಳಿದಾಗಲೆಲ್ಲ ನಾನು ಬಾಯಿಗೆ ಬಂದದ್ದು ಹೇಳಿದೆ. ನನ್ನ ಕರಡಿ ಆರಾಮದೀರೇನು ಅಂತಷ್ಟೇ ಕೇಳುತ್ತಿತ್ತು.

ಹುಡುಗನ ಅಂಗಿಯ ಬಣ್ಣ ಬೇರೆ, ಎರಡು ನೆರಳು ಹೆಚ್ಚು, ಉಳಿದದ್ದು ಅದೇ. ಅದೇ ದಂಡೆ, ಅದೇ ಸಂಗೀತ. ಹೆಸರು ಬಂದವು, ಕಾಕೂನ ಮಾತು ನೆನೆದು ತಕ್ಷಣ ಬಂದ್ ಮಾಡಿದೆ. ಸಂಜೆ ಹೋಳಿಗೆ ಬಂತು.

ಆಮೇಲೆ ಇನ್ನೊಂದು ಆವೃತ್ತಿ ಬಂತು. ಅದಕ್ಕೂ ಒಂದು ಡಬ್ಬಿ ಹೋಳಿಗೆ.

ಸೆಲ್ ಇಲ್ಲದ ರಿಮೋಟ್

ಕಾಕಾ ಚಹಾ ಬಿಟ್ಟು ಹತ್ತು ವರ್ಷ ಕಳೆದವು. ಹಳೆಯ ಡಬ್ಬಾ ಟಿವಿ ಹೋಗಿ ಗೋಡೆಗೆ ತೆಳ್ಳನೆಯ ಟಿವಿ ಬಂತು, ಹೊಸ ಮಷೀನು ಬಂತು. ಅದರ ಹಿಂದೆಯೇ ಅದೇ ಗೇಮ್, ಚಿತ್ರ ತಿಳಿಮಾಡಿ, ಎರಡನೇ ಭಾಗವನ್ನೂ ಸೇರಿಸಿ ಒಂದೇ ಡಿಸ್ಕಿನಲ್ಲಿ ಬಂತು. ಕಾಕಾಗೆ ಎಪ್ಪತ್ತು ದಾಟಿತ್ತು. “ಇದ ಕಡೀದು ತಮ್ಮಾ. ಇದರಾಗೂ ಕೂಡಲಿಲ್ಲಂದ್ರ ಚಹಾ ಮುಂದಿನ ಜನ್ಮಕ್ಕ” ಅಂದರು. ಅವರೇನೋ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಕೊನೆಯ ಕಾಳಗದ ದಿನ ಕಾಕೂ ಶೇಡಬಾಳಕ್ಕೆ ಸೀಮಂತಕ್ಕೆ ಹೋಗಿದ್ದರು. ನೆರಳು ಬಿತ್ತು. ದಂಡೆ ಬಂತು, ಸಂಗೀತ ಬಂತು, ಹೆಸರು ಏರತೊಡಗಿದವು. ರಿಮೋಟ್ ಒತ್ತಿದೆ, ಟಿವಿ ಕೇಳಲಿಲ್ಲ. ಬೆಳಿಗ್ಗೆ ಅದರ ಸೆಲ್ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದವನು ನಾನೇ. ಡ್ರಾಯರ್ ತಡಕಾಡುತ್ತಿದ್ದೆ, ಕಾಕಾ ಎಷ್ಟೊಂದು ಮಂದಿ ದುಡಿದಿದ್ದಾರೆ ನೋಡು ಅಂತ ಹೆಸರು ಮೆಚ್ಚುತ್ತಿದ್ದರು. ಹೆಸರು ಮುಗಿದವು, ತೆರೆ ಕಪ್ಪಾಯಿತು.

ಆಮೇಲೆ ಸಮುದ್ರ ಕಂಡಿತು. ಹುಡುಗ ಕೂತಿದ್ದ. ಎಡಗಡೆಯಿಂದ ಒಬ್ಬ ಗೆಳೆಯ ಬಂದ, ಬಲಗಡೆಯಿಂದ ಗೆಳತಿ.

ಕಾಕಾ ಎದ್ದು ನಿಂತರು. ಕನ್ನಡಕದ ಒಳಗಿಂದ ನೀರು ಇಳಿಯುತ್ತಿತ್ತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೋಟೆಲಿನತ್ತ ಓಡಿ ಚಹಾ ತಂದೆ. ಅಷ್ಟರಲ್ಲಿ ಬಸ್ ಇಳಿದು ಕಾಕೂ ಬಂದರು, ಪರದೆ ಸರಿಸಿದರು.

“ಕೂಡ್ಯಾರ ಬೇ, ಕೂಡ್ಯಾರ” ಅಂತ ಕಾಕಾ ಕಪ್ಪು ಬಾಯಿಗೆ ಒಯ್ದರು.

“ತಡೀರಿ, ಇನ್ನೂ ಅಕಿ ಕಾಗದದ ದೋಣಿ ಬಿಡೂದೈತಿ” ಅಂದರು ಕಾಕೂ.

ತೆರೆಯ ಮೇಲೆ ಹುಡುಗಿ ಕಾಗದದ ದೋಣಿಯೊಂದನ್ನು ನೀರಿಗೆ ಬಿಟ್ಟಳು.

ಕಾಕಾ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹತ್ತು ವರ್ಷದ ಹೋಳಿಗೆ ನೆನೆದು ಕ್ಯಾಲೆಂಡರ್ ಕಡೆ ಮುಖ ತಿರುಗಿಸಿದೆ.

“ಹೌದ್ರಿ, ನೀವು ಸ್ತವನಿಧಿಗೆ ಹೋದಾಗನ ನೋಡೀನಿ” ಅಂದರು ಕಾಕೂ, ಕುರ್ಚಿ ಎಳೆದು ಕೂತು. “ಮೂವತ್ತು ವರ್ಷ ದಿನಕ್ಕ ಹನ್ನೊಂದು ಸಲ ಒಲಿ ಮುಂದ ನಿಂತೀನಿ. ಹತ್ತು ವರ್ಷ ಸೂಟಿ ತಗೊಂಡೆ. ತಪ್ಪಾತೇನು?”

ಕಾಕಾ ನಿಧಾನಕ್ಕೆ ಒಂದು ಗುಟುಕು ಕುಡಿದರು. ಆಮೇಲೆ, ತಪ್ಪಿಲ್ಲ, ಮನೆಗೆ ನಡಿ, ಒಂದು ಕಪ್ಪು ಇಡು ಅಂದರು.

“ಅದಾಗಂಗಿಲ್ರಿ. ನಾನೂ ನೇಮ ಹಿಡದೇನಿ. ಎರಡನೇ ಭಾಗದ ಕೊನಿ ನೀವು ನೋಡೂತನ ಚಹಾ ಇಡಂಗಿಲ್ಲ.”

ಮರುದಿನ ಶಟರ್ ಎತ್ತುವ ಮುಂಚೆಯೇ ಇಬ್ಬರೂ ಬಂದು ನಿಂತಿದ್ದರು. ಕಾಕಾ ಅವಸರದಿಂದ ಕಂಟ್ರೋಲರ್ ಹಿಡಿದರು. ಕಾಕೂ ಅವರ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತು, ಪರ್ಸಿನಿಂದ ಎರಡು ಹೊಸ ಸೆಲ್ ತೆಗೆದು ರಿಮೋಟಿಗೆ ಹಾಕಿ, ಅದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.