ದೂರಿದಷ್ಟೂ ಚೆನ್ನಾದ ಕಾರು

ನಮ್ಮ ಜನ ಹಳೆ ಕಾರು ಕೊಳ್ಳಲು ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಕಾರು ಒಂದು, ಮಾರುವವನು ಒಬ್ಬ, ನೋಡಲು ಹೋಗುವವರು ಒಂದು ದಂಡು. ಹೀಗಿರುವಾಗ ಏನೂ ಆಗದಿದ್ದರೇ ಆಶ್ಚರ್ಯ. ನನಗೆ ಗೊತ್ತಿರುವ ಪ್ರತಿ ಮನೆಯಲ್ಲೂ ಇಂಥ ಕಥೆ ಒಂದಾದರೂ ಇದೆ. ನಮ್ಮ ಮನೆಯಲ್ಲಿ ಮೂರಿವೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾವು ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿದ್ದೆವು. ಅಲ್ಲಿ ಕಾರು ಬೇಕೆಂದು ಅನ್ನಿಸಿದ್ದೇ ಇಲ್ಲ. ಮೆಟ್ಟಿಲು ಇಳಿದರೆ ತೆಂಗಿನಕಾಯಿ, ಮೂಲೆ ತಿರುಗಿದರೆ ದೋಸೆ, ಐದು ನಿಮಿಷ ನಡೆದರೆ ರೈಲು. ನಾನು ಎಂ.ಎಸ್ಸಿ. ಮಾಡಿಕೊಂಡು ಬಂದವಳು, ಒಂದು ಸ್ವೀಟ್ ಅಂಗಡಿಯಲ್ಲಿ ಜಿಲೇಬಿ ತೂಗುತ್ತಿದ್ದೆ. ಅಷ್ಟರಲ್ಲಿ ನಮ್ಮವರಿಗೆ ಮೆಲ್ಬರ್ನಿನ ಟ್ರುಗನಿನಾದ ಗೋದಾಮೊಂದರ ಆಫೀಸಿನಲ್ಲಿ ಕೆಲಸವಾಯಿತು. ನಾನೂ ಆ ಕಡೆಗೇ ಅರ್ಜಿಗಳನ್ನು ಎಸೆದೆ. ಎರಡು ವರ್ಷ ಯಾರೂ ತಿರುಗಿ ನೋಡದಿದ್ದ ನನ್ನನ್ನು ಒಂದು ಆಸ್ಪತ್ರೆಯ ಲ್ಯಾಬಿನವರು ಕರೆದೇಬಿಟ್ಟರು.

ಶಿಫ್ಟ್ ಬೆಳಿಗ್ಗೆ ಆರಕ್ಕೆ. ಅಲ್ಲಿ ನಾವು ರೆಂಟ್‌ಗೆ ಹಿಡಿದ ಮನೆಯ ಹತ್ತಿರದಿಂದ ಮೊದಲ ಬಸ್ಸು ಹೊರಡುವುದು ಆರೂ ಹತ್ತಕ್ಕೆ. ಮೂರು ತಿಂಗಳು ಪ್ರೊಬೇಷನ್, ತಡವಾಗಿ ಬಂದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದರು. ಕೆಲಸಕ್ಕೆ ಸೇರುವ ಸೋಮವಾರಕ್ಕೆ ಮೂರು ವಾರವಿತ್ತು. ಅಷ್ಟರೊಳಗೆ ಕಾರು ಬರಬೇಕು, ಇಲ್ಲದಿದ್ದರೆ ಮತ್ತೆ ಜಿಲೇಬಿ.

ಯಾವ ಕಾರು ಎನ್ನುವುದನ್ನು ನಮ್ಮವರು ನನ್ನನ್ನು ಕೇಳದೆಯೇ ತೀರ್ಮಾನಿಸಿದ್ದರು. ಪರಿಚಯದವರೆಲ್ಲ ಜಪಾನಿನ ಸಣ್ಣ ಕಾರು ಕೊಂಡಿದ್ದರು. ಇವರಿಗೆ ಅಮೆರಿಕನ್ ಕಂಪನಿಯ ಉದ್ದನೆಯ ಫ್ಯಾಮಿಲಿ ಸೆಡಾನೇ ಆಗಬೇಕು. "ಡಿಕ್ಕಿ ನೋಡು ಮಾರಾಯ್ತಿ, ಗ್ರೈಂಡರ್ ಇಟ್ಟ ಮೇಲೂ ಎರಡು ಮೂಟೆ ಅಕ್ಕಿ ಇಡಬಹುದು" ಎಂದರು. ವರ್ಷಕ್ಕೆ ಎಷ್ಟು ಸಲ ಗ್ರೈಂಡರ್ ಹೊತ್ತುಕೊಂಡು ತಿರುಗುತ್ತೇವೆ ಎಂದು ನಾನು ಕೇಳಲಿಲ್ಲ.

೧. ಅಡಮಾನ

ಮೊದಲ ಕಾರು ಸಿಡ್ನಿಯಲ್ಲೇ ನೋಡಿದ್ದು. ಹೊಸ ಊರಿಗೆ ಸ್ವಂತ ಕಾರಿನಲ್ಲೇ ಹೋಗಿ ಇಳಿಯಬೇಕೆಂದು ಇವರ ಆಸೆ. ಶನಿವಾರ ಹೊರಟೆವು. ನಾವಿಬ್ಬರು, ಆರು ವರ್ಷದ ಮಗಳು, ಪಕ್ಕದ ಮನೆಯ ದಂಪತಿ, ಊರಿನಿಂದ ಬಂದಿದ್ದ ಅವರ ಅಪ್ಪ ಅಮ್ಮ. ಆ ಅಪ್ಪ ಊರಿನಲ್ಲಿ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟಿಕೆಟ್ ಲೆಕ್ಕ ನೋಡಿದವರು. ಹಾಗಾಗಿ ನಮ್ಮೆಲ್ಲರ ಪೈಕಿ ವಾಹನದ ವಿಷಯ ತಿಳಿದವರು ಅವರೇ.

ಬಾಗಿಲು ತೆಗೆದ ಆಸಾಮಿ ಏಳು ಮಂದಿಯನ್ನು ಎಣಿಸಿ, "ಕಾರು ಬೇಕಾಗಿರುವುದು ಯಾರಿಗೆ?" ಎಂದ. ಇವರು ಮುಂದೆ ಬಂದರು. "ಹಾಗಾದರೆ ಉಳಿದವರು?" ಎಂದ. "ಅವರು ನೋಡಲಿಕ್ಕೆ" ಎಂದರು ಇವರು.

ಓಡಿಸಿ ನೋಡಲು ಹೊರಟಾಗ ಐದು ಸೀಟು ಕ್ಷಣದಲ್ಲಿ ತುಂಬಿದವು. ಕಾರಿನ ಯಜಮಾನನಿಗೇ ಜಾಗವಿಲ್ಲ. ಅವನು ಕೀ ಕೊಡಲು ಹಿಂದೆ ಮುಂದೆ ನೋಡಿದ. ಇವರು ತಟ್ಟನೆ, "ಹೆಂಡತಿ ಮಗಳು ಇಲ್ಲೇ ಇರುತ್ತಾರೆ" ಎಂದರು. ಮದುವೆಯಾಗಿ ಎಂಟು ವರ್ಷಕ್ಕೆ ನನ್ನನ್ನು ಅಡವಿಟ್ಟದ್ದು ಅದೇ ಮೊದಲು.

ಅವನ ಹೆಂಡತಿ ಒಳಗೆ ಕರೆದು ಟೀ ಕೊಟ್ಟಳು. ನಾನು ಅಡುಗೆಮನೆಯಲ್ಲಿ ಅವಳ ಜತೆ ಮಾತಾಡುತ್ತಿದ್ದೆ. ಮಗಳು ಹೊರಗೆ ಮೆಟ್ಟಿಲ ಮೇಲೆ ಯಜಮಾನನ ಪಕ್ಕದಲ್ಲಿ ಕೂತು ಹರಟುತ್ತಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಕೊಡುವ ಹುಡುಗಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಾಳೆ ಎಂದು ನನಗೆ ಹೆಮ್ಮೆಯೇ ಆಯಿತು.

ದಂಡು ಅರ್ಧ ಗಂಟೆಯ ನಂತರ ವಾಪಸ್ ಬಂತು. ಕಾರು ಎಲ್ಲರಿಗೂ ಹಿಡಿಸಿತ್ತು. ಹಿಂದಿನ ರಾತ್ರಿ ಊಟ ಮಾಡುತ್ತಾ ನಾವು ಮಾತಾಡಿಕೊಂಡಿದ್ದಂತೆ ಇವರು ಎರಡೂವರೆ ಸಾವಿರ ಡಾಲರಿನಿಂದ ಶುರು ಮಾಡಿದರು. ಯಜಮಾನ ನಗುತ್ತಾ, "ನಾಲ್ಕು" ಎಂದ. ಇವರು ಮೂರು ಎಂದರು. ಅವನು ನಾಲ್ಕು ಎಂದ. ಇವರು ಹೊರಟುಹೋಗುವವರಂತೆ ಗೇಟಿನ ತನಕ ನಡೆದರು. ಅವನು ಕರೆಯಲೇ ಇಲ್ಲ, ಮೆಟ್ಟಿಲ ಮೇಲೆ ಆರಾಮಾಗಿ ಕಾಲು ಚಾಚಿಕೊಂಡ. ಮರ್ಯಾದೆಯ ಪ್ರಶ್ನೆಯಾಗಿ ನಾವು ಬರಿಗೈಯಲ್ಲಿ ಹಿಂದಿರುಗಿದೆವು.

"ನಾವು ಗರಿಷ್ಠ ನಾಲ್ಕು ಅಂತ ಇಟ್ಕೊಂಡದ್ದು ಅವನಿಗೆ ಹೇಗೆ ಗೊತ್ತಾಯ್ತು? ಮನುಷ್ಯನ ಮುಖ ಓದುವವನು ಅವನು" ಎಂದು ಇವರು ದಾರಿಯುದ್ದಕ್ಕೂ ಕೊರಗಿದರು.

ಮಗಳು ತಲೆಯೆತ್ತಿ, "ಹಿ ಆಸ್ಕ್‌ಡ್ ಮಿ ವೆರಿ ನೈಸ್ಲಿ" ಎಂದಳು.

೨. ರಾಹುಕಾಲ

ಮೆಲ್ಬರ್ನಿಗೆ ಬಾಡಿಗೆ ವ್ಯಾನಿನಲ್ಲಿ ಬಂದಿಳಿದೆವು. ಅಲ್ಲಿ ನಮಗೆ ಸಿಕ್ಕವರು ಕಾರ್ ಅಂಕಲ್. ಮಂಗಳೂರಿನ ಕ್ರಿಶ್ಚಿಯನ್ನರು, ಹೋಟೆಲೊಂದರಲ್ಲಿ ಮ್ಯಾನೇಜರ್. ಐದು ವರ್ಷದಲ್ಲಿ ಆರು ಹಳೆ ಕಾರು ಕೊಂಡವರು ಎಂಬ ಕಾರಣಕ್ಕೆ ಅಲ್ಲಿನ ಕನ್ನಡಿಗರ ನಡುವೆ ಅವರಿಗೆ ಆ ಹೆಸರು. ಐದು ವರ್ಷಕ್ಕೆ ಆರು ಕಾರು ಯಾಕೆ ಬೇಕಾಯಿತು ಎಂದು ಯಾರೂ ಯೋಚಿಸಿರಲಿಲ್ಲ.

ಎರಡನೇ ಶನಿವಾರ ಒಂದು ಬಿಳಿ ಸೆಡಾನ್ ನೋಡಲು ಅವರ ಕಾರಿನಲ್ಲೇ ಹೋದೆವು. ಹಿಂದಿನ ದಿನ ಉಡುಪಿಯಿಂದ ಅತ್ತೆ ಫೋನು ಮಾಡಿ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಆಗ ಮಾತ್ರ ವ್ಯವಹಾರ ಬೇಡ ಎಂದಿದ್ದರು. ಒಂಬತ್ತರೊಳಗೆ ಮಾತು ಮುಗಿಸಬೇಕೆಂದು ಹೊರಟಿದ್ದರೂ, ಆ ಮನೆ ಹುಡುಕಿ ಮುಂದೆ ನಿಲ್ಲುವಾಗ ಒಂಬತ್ತೂ ಐದಾಗಿತ್ತು.

"ಕಾಯುವ" ಎಂದರು ಅಂಕಲ್. "ನಮ್ಮಲ್ಲಿ ಇದೆಲ್ಲ ಇಲ್ಲ. ಆದ್ರೆ ಕಾರಿನ ವಿಷಯದಲ್ಲಿ ಯಾಕೆ ಸುಮ್ನೆ ರಿಸ್ಕು?"

ಎದುರಿಗೇ ಬಿಳಿ ಕಾರು ತೊಳೆದು ನಿಲ್ಲಿಸಿತ್ತು. ನಾವು ಗಾಜು ಏರಿಸಿಕೊಂಡು ಅದನ್ನೇ ನೋಡುತ್ತಾ ಕೂತೆವು. ಒಂಬತ್ತೂವರೆಗೆ ಒಬ್ಬ ಯುವಕ ಬಂದ, ಟಯರಿಗೆ ಒಂದು ಒದೆ ಕೊಟ್ಟ, ಒಳಗೆ ಹೋದ, ಹತ್ತು ನಿಮಿಷದಲ್ಲಿ ಹೊರಬಂದು ಅದೇ ಕಾರನ್ನು ಓಡಿಸಿಕೊಂಡು ಹೋದ. ನಮಗೆ ಕೈ ಬೀಸಿಯೂ ಹೋದ.

"ರಾಹುಕಾಲದಲ್ಲಿ ತಗೊಂಡಿದ್ದಾನೆ, ಅನುಭವಿಸ್ತಾನೆ" ಎಂದರು ನಮ್ಮವರು. ಮೂಲೆ ತಿರುಗುವವರೆಗೂ ಅವನಿಗೆ ಏನೂ ಆಗಲಿಲ್ಲ.

ಸರಿ, ಇನ್ನು ಹೊರಡೋಣ ಎಂದೆ ನಾನು. ರಾಹುಕಾಲದಲ್ಲಿ ಪ್ರಯಾಣ ಹೊರಡುವುದೂ ಒಳ್ಳೆಯದಲ್ಲ ಎಂದು ಇವರಿಗೆ ಆಗ ನೆನಪಾಯಿತು. ಹಾಗಾಗಿ ಕಾರೇ ಇಲ್ಲದ ಮನೆಯ ಮುಂದೆ ಇನ್ನೂ ಮುಕ್ಕಾಲು ಗಂಟೆ ಕೂತೆವು. ಹತ್ತೂ ಕಾಲಿಗೆ ಹಿಂದಿನಿಂದ ಪೊಲೀಸ್ ಕಾರು ಬಂದು ನಿಂತಿತು. ಯಾರೋ ನೆರೆಯವರು ಫೋನು ಮಾಡಿದ್ದರು.

ವಯಸ್ಸಾದ ಪೊಲೀಸ್ ಗಾಜು ಇಳಿಸಲು ಹೇಳಿ, "ಒಂದು ಗಂಟೆಯಿಂದ ಇಲ್ಲಿ ಯಾಕೆ ಕೂತಿದ್ದೀರಿ?" ಎಂದ.

ನಮ್ಮವರಿಗೆ ಸುಳ್ಳು ಹೊಳೆಯಲಿಲ್ಲ. "ಕೆಟ್ಟ ಕಾಲ ಕಳೆಯಲಿ ಅಂತ ಕಾಯ್ತಾ ಇದ್ದೇವೆ" ಎಂದರು.

ಪೊಲೀಸ್, "ನಾನೂ ಅಷ್ಟೇ. ನನಗೆ ರಿಟೈರ್ ಆಗಲು ಇನ್ನೂ ನಾಲ್ಕು ವರ್ಷ ಇದೆ" ಎಂದು ಹೊರಟುಹೋದ.

೩. ಚೌಕಾಶಿ

ಮೂರನೇ ಶನಿವಾರ. ಸೋಮವಾರ ಕೆಲಸಕ್ಕೆ ಸೇರಬೇಕು. ನನಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಭಯವಾಗಿತ್ತು. ಕಾರ್ ಅಂಕಲ್ ಮಾತ್ರ ಉತ್ಸಾಹದಲ್ಲಿದ್ದರು. ಪೇಪರಿನಲ್ಲಿ ಜಾಹೀರಾತು ನೋಡಿದ್ದರು, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ರಿಟೈರಾದ ಒಬ್ಬ ಮೇಷ್ಟ್ರು, ಅಮೆರಿಕನ್ ಸೆಡಾನ್, ಮೊದಲಿನಿಂದಲೂ ಒಬ್ಬರೇ ಯಜಮಾನರು.

ಹೊರಡುವ ಮುಂಚೆ ಅಂಕಲ್ ಪಾಠ ಹೇಳಿದರು. "ಕಾರು ಎಷ್ಟೇ ಚಂದ ಇರ್ಲಿ, ಬಾಯಿ ತಪ್ಪಿಯೂ ಚಂದ ಉಂಟು ಅನ್ಬಾರ್ದು. ದೂರ್ಬೇಕು. ಬರೀ ದೂರ್ಬೇಕು. ನೀನು ಎಂತ ಮಾತಾಡುದು ಬೇಡಮ್ಮ, ಮುಖ ಸಿಂಡರಿಸಿ ನಿಂತ್ರೆ ಸಾಕು."

ಕಾರು ನೋಡಿದ ಕೂಡಲೇ ನನಗೆ ಮುಖ ಸಿಂಡರಿಸುವುದು ಕಷ್ಟವಾಯಿತು. ಹತ್ತು ವರ್ಷದ ಕಾರು ಹೊಳೆಯುತ್ತಿತ್ತು. ಸರ್ವಿಸ್ ಮಾಡಿಸಿದ ಚೀಟಿಗಳನ್ನೆಲ್ಲ ಮೇಷ್ಟ್ರು ಫೈಲ್ ಮಾಡಿಟ್ಟಿದ್ದರು. ಮಾರುವ ಮುಂಚೆ ಇಲ್ಲಿ ಮೆಕ್ಯಾನಿಕ್‌ನಿಂದ ರೋಡ್‌ವರ್ದಿ ಸರ್ಟಿಫಿಕೇಟ್ ಪಡೆಯಬೇಕು, ಅದೂ ತಯಾರಿತ್ತು.

ಅಂಕಲ್ ಬಾನೆಟ್ಟಿಗೆ ಕಿವಿ ಇಟ್ಟು ನಿಟ್ಟುಸಿರು ಬಿಟ್ಟರು. "ಎಂಜಿನ್ ಕೆಮ್ಮುತ್ತದೆ" ಎಂದರು. ಓಡಿಸಿ ನೋಡಿ ಬಂದು, "ಬ್ರೇಕು ಮೆತ್ತಗೆ, ಸ್ಟಿಯರಿಂಗು ಎಡಕ್ಕೆ ಎಳೀತದೆ" ಎಂದರು. ನಮ್ಮವರು ಹಿಂದೆ ಬೀಳಲಿಲ್ಲ. ಸೀಟು ಮೂಸಿ, "ನಾಯಿ ವಾಸನೆ" ಎಂದರು. ಮೇಷ್ಟ್ರು ಒಳಗಿನಿಂದ ಒಂದು ನೋಟ್‌ಬುಕ್ ತಂದು ಒಂದೊಂದನ್ನೂ ಬರೆದುಕೊಳ್ಳತೊಡಗಿದರು. ಅಂಕಲ್ ನಮ್ಮ ಕಡೆ ತಿರುಗಿ, "ಮೆತ್ತಗಾಗ್ತಾ ಇದ್ದಾನೆ" ಎಂದು ಪಿಸುಗುಟ್ಟಿದರು.

ಪಟ್ಟಿ ಮುಗಿದ ಮೇಲೆ ಮೇಷ್ಟ್ರು ಅದನ್ನು ಎರಡು ಸಲ ಓದಿ, ಬಾನೆಟ್ ಮುಚ್ಚಿ, ಕೀ ಜೇಬಿಗೆ ಹಾಕಿಕೊಂಡರು. "ನಿಮಗೆ ತುಂಬಾ ಥ್ಯಾಂಕ್ಸ್. ನನಗೆ ಇದೊಂದೂ ಗೊತ್ತಿರಲಿಲ್ಲ. ನಿಮಗೆ ಸಣ್ಣ ಮಗಳು ಬೇರೆ ಇದ್ದಾಳೆ ಅಂದಿರಿ. ಇಂಥ ಕಾರನ್ನು ನಾನು ನಿಮಗೆ ಮಾರಲಾರೆ" ಎಂದರು.

"ಬೆಲೆ ಸ್ವಲ್ಪ ಕಡಿಮೆ ಮಾಡಿದರೆ..." ಎಂದರು ನಮ್ಮವರು.

"ಯಾವ ಬೆಲೆಗೂ ಇಲ್ಲ."

ಅಂಕಲ್ ಬೆವರಿದರು. ಬ್ರೇಕು ಅಷ್ಟೇನೂ ಮೆತ್ತಗಿಲ್ಲ ಎಂದರು. ಸ್ಟಿಯರಿಂಗ್ ಎಳೆದದ್ದು ರಸ್ತೆ ವಾಲಿದ್ದಕ್ಕೆ ಎಂದರು. ನಮ್ಮವರು ಮತ್ತೊಮ್ಮೆ ಸೀಟು ಮೂಸಿ, ಗುಲಾಬಿಯ ಪರಿಮಳ ಎಂದರು. ಮೇಷ್ಟ್ರು ಕನಿಕರದಿಂದ, "ನನಗೆ ಬೇಜಾರಾಗಬಾರದು ಅಂತ ಹೇಳ್ತಿದ್ದೀರಿ" ಎಂದರು. ಸರ್ಟಿಫಿಕೇಟ್ ಇದೆಯಲ್ಲ ಎಂದು ತೋರಿಸಿದರೆ, "ಆ ಮೆಕ್ಯಾನಿಕ್ ನನ್ನ ಸ್ನೇಹಿತ, ದಾಕ್ಷಿಣ್ಯಕ್ಕೆ ಕೊಟ್ಟಿರಬಹುದು. ನಿಮಗೆ ಸುಳ್ಳು ಹೇಳುವ ಅಗತ್ಯವೇನಿದೆ?" ಎಂದರು.

ನನಗೆ ಅಳುವೇ ಬಂತು. ಮುಖ ಸಿಂಡರಿಸುವುದನ್ನು ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಸೋಮವಾರದ ಕೆಲಸ, ಆರೂ ಹತ್ತರ ಬಸ್ಸು, ಜಿಲೇಬಿ. "ಅವರು ಹೇಳಿದ್ದೆಲ್ಲ ಸುಳ್ಳು ಸಾರ್. ನಮ್ಮಲ್ಲಿ ಕೊಳ್ಳುವ ರೀತಿಯೇ ಹೀಗೆ. ಆಗ ತಾನೇ ಕಟ್ಟಿದ ಮಲ್ಲಿಗೆಯನ್ನೂ ಬಾಡಿದೆ ಅಂದೇ ಬೆಲೆ ಕೇಳುತ್ತೇವೆ."

ಮೇಷ್ಟ್ರು ಪೆನ್ನು ಹಿಡಿದು ಯೋಚಿಸಿದರು. "ಅಂದರೆ ವಸ್ತು ಚೆನ್ನಾಗಿದ್ದರೆ ದೂರುತ್ತೀರಿ?"

"ಹೌದು."

"ಕೆಟ್ಟದಾಗಿದ್ದರೆ?"

"ತುಂಬಾ ಚೆನ್ನಾಗಿದೆ ಅಂತ ಹೇಳಿ, ಮನೆಯಲ್ಲಿ ಕೇಳಿ ಬರ್ತೇವೆ ಅಂತ ಹೊರಟುಹೋಗುತ್ತೇವೆ" ಎಂದೆ.

ಅವರು ಅದನ್ನೂ ಬರೆದುಕೊಂಡರು. ಆದರೂ ಮನಸ್ಸು ಒಪ್ಪಲಿಲ್ಲ. ಗುರುತಿಲ್ಲದ ಬೇರೊಬ್ಬ ಮೆಕ್ಯಾನಿಕ್‌ಗೆ ತೋರಿಸಿಯೇ ಕೊಡುತ್ತೇನೆ, ಅದು ಮಂಗಳವಾರ ಆಗುತ್ತದೆ ಎಂದರು. ನಮ್ಮ ವಿಳಾಸ ಕೇಳಿ ಇಟ್ಟುಕೊಂಡರು.

೪. ಓನರ್ ಸಮೇತ

ಸೋಮವಾರ ಬೆಳಿಗ್ಗೆ ಐದಕ್ಕೆ ನಾನು ಟ್ಯಾಕ್ಸಿಗೆ ಫೋನು ಮಾಡುತ್ತಿದ್ದಾಗ ಹೊರಗೆ ಹಾರ್ನ್ ಕೇಳಿಸಿತು. ನಮ್ಮ ಮನೆಯ ಮುಂದೆ ಅದೇ ಕಾರು. ಒಳಗೆ ಸ್ವೆಟರ್, ಚಡ್ಡಿ ಹಾಕಿಕೊಂಡು ಮೇಷ್ಟ್ರು. "ಕಾರು ಮಾರುವುದು ಬೇರೆ, ನಿನ್ನ ಕೆಲಸ ಬೇರೆ. ಹತ್ತು" ಎಂದರು.

ಬ್ರೇಕಿನ ಮೇಲೆ ಅವರಿಗೆ ಇನ್ನೂ ಸಂಶಯವಿತ್ತು. ಇಡೀ ದಾರಿ ನಲವತ್ತರ ಮೇಲೆ ಓಡಿಸಲಿಲ್ಲ. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದವು, ಒಂದು ಸೈಕಲ್ ಕೂಡ ಹೋಯಿತು. ಐದೂ ಐವತ್ತೆಂಟಕ್ಕೆ ಲ್ಯಾಬಿನ ಬಾಗಿಲಲ್ಲಿ ಇಳಿದೆ. ಮಂಗಳವಾರವೂ ಅವರೇ ಬಿಟ್ಟರು. "ನೋಡಿದ್ಯಾ? ನಾನು ಕಾರು ಕೊಡಿಸ್ತೇನೆ ಅಂದಿದ್ದೆ, ಡ್ರೈವರ್ ಸಹಿತ ಕೊಡಿಸಿದೆ" ಎಂದರು ಕಾರ್ ಅಂಕಲ್.

ಮಂಗಳವಾರ ಸಂಜೆ ಮೇಷ್ಟ್ರು ನಮ್ಮನ್ನು ಕರೆದರು. ಹೊಸ ಮೆಕ್ಯಾನಿಕ್ ಎರಡು ಗಂಟೆ ನೋಡಿ, ಇಂಥ ಕಾರು ಸಿಗುವುದು ಅಪರೂಪ ಎಂದು ಬರೆದುಕೊಟ್ಟಿದ್ದ. ಅಂಕಲ್‌ಗೆ ಬರಬೇಡಿ ಎಂದು ಹೇಳಿಯೇ ನಾವಿಬ್ಬರು ಹೋದೆವು. ನಮ್ಮವರು ಜಾಹೀರಾತಿನಲ್ಲಿದ್ದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಟ್ಟು, ಕಾಗದಕ್ಕೆ ಸಹಿ ಹಾಕಿದರು. ಮೇಷ್ಟ್ರು ಕೀಯನ್ನು ನನ್ನ ಮುಂದೆ ಹಿಡಿದರು.

ಎರಡು ದಿನ ಆ ಮನುಷ್ಯ ನಿದ್ದೆಗೆಟ್ಟು ನನ್ನನ್ನು ಕರೆದುಕೊಂಡು ಹೋಗಿದ್ದು ನೆನಪಾಗಿ ನಾನು ಕೈ ಜೋಡಿಸಿದೆ. "ತುಂಬಾ ಚೆನ್ನಾಗಿದೆ ಸಾರ್ ನಿಮ್ಮ ಕಾರು" ಎಂದೆ.

ಅವರ ಮುಖ ಬಿಳುಚಿಕೊಂಡಿತು. ಕೀ ಹಿಡಿದ ಕೈ ಹಿಂದೆ ಹೋಯಿತು. "ಯಾಕೆ? ಏನಾಗಿದೆ ಕಾರಿಗೆ?" ಎಂದರು.

ಕೀ ಮತ್ತೆ ಜೇಬಿಗೆ ಇಳಿಯುವುದರೊಳಗೆ ನಾನು ಒಂದೇ ಉಸಿರಿನಲ್ಲಿ ಹೇಳಿದೆ. "ಎಂಜಿನ್ ಕೆಮ್ಮುತ್ತದೆ, ಬ್ರೇಕು ಮೆತ್ತಗಿದೆ, ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ, ಸೀಟಿನಲ್ಲಿ ನಾಯಿ ವಾಸನೆ."

ಮೇಷ್ಟ್ರು ನೆಮ್ಮದಿಯ ಉಸಿರು ಬಿಟ್ಟು ಕೀಯನ್ನು ನನ್ನ ಅಂಗೈಯಲ್ಲಿಟ್ಟರು.